ಗಂಟೆಗೆ 283 ಕಿ.ಮೀ.: ಲೋಟಸ್ ಕಾರ್ಲ್ಟನ್ ಸುತ್ತ ಎದ್ದ ಜಗಳ

ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು, ಡಿಕ್ಕಿಗೆ ಸಾಮಾನು ತುಂಬಿ ಊರಿಗೆ ಹೊರಡಬಹುದಾದ ನಾಲ್ಕು ಬಾಗಿಲಿನ ಕಾರು. ಬಣ್ಣ ಒಂದೇ, ಕಪ್ಪು ಅನ್ನಿಸುವಷ್ಟು ಗಾಢ ಹಸಿರು. 1990ರಲ್ಲಿ ಇಂಗ್ಲೆಂಡಿನಲ್ಲಿ ಇದರ ಬೆಲೆ 48,000 ಪೌಂಡ್. ಇದರ ಟಾಪ್ ಸ್ಪೀಡ್ ಗಂಟೆಗೆ 176 ಮೈಲಿ, ಅಂದರೆ 283 ಕಿಲೋಮೀಟರ್. ಆ ದೇಶದ ಹೆದ್ದಾರಿಗಳಲ್ಲಿ ಕಾನೂನು ಒಪ್ಪುವ ವೇಗ 70 ಮೈಲಿ. ಇದನ್ನು ಮಾರಲು ಬಿಡಬೇಕೇ ಎಂಬ ಜಗಳ ಶುರುವಾಗಿದ್ದು ಇಲ್ಲಿಂದ.

ಲೋಟಸ್ ಕಾರ್ಲ್ಟನ್ ಎಂಬ ಈ ಕಾರಿನ ಬಗ್ಗೆ ಬರೆಯುವವರೆಲ್ಲ ಆ 176 ಅನ್ನೇ ಹಿಡಿದುಕೊಳ್ಳುತ್ತಾರೆ. ನನ್ನ ಪ್ರಕಾರ ಇದರ ಅಂಕಿಗಳಲ್ಲೆಲ್ಲ ಕಡಿಮೆ ಉಪಯೋಗಕ್ಕೆ ಬರುವುದು ಅದೇ. ಯಾಕೆ ಎಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಲೋಟಸ್ ಕಾರ್ಲ್ಟನ್ ಟರ್ಬೊ ಕಾರು, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ ಇರುವ ಕಾರು. ಅಂಥ ಕಾರಿನ ಮೇಲೆ ಜನ ಸಿಟ್ಟಾಗಿದ್ದು ಇದೇ ಮೊದಲಲ್ಲ. 1973ರಲ್ಲಿ ಜರ್ಮನಿಯ ಬಿಎಂಡಬ್ಲ್ಯು 170 ಅಶ್ವಶಕ್ತಿಯ '2002 ಟರ್ಬೊ' ತಂದಿತ್ತು. ಅದರ ಮುಂಭಾಗದಲ್ಲಿ ಹೆಸರನ್ನು ತಿರುಗುಮುರುಗಾಗಿ ಬರೆದಿದ್ದರು. ಮುಂದೆ ಹೋಗುವವನು ತನ್ನ ಕನ್ನಡಿಯಲ್ಲಿ ಅದನ್ನು ಸರಿಯಾಗಿ ಓದಿ ದಾರಿ ಬಿಡಲಿ ಎಂದು. ಜನರಿಗೆ ಇದು ದರ್ಪದಂತೆ ಕಂಡಿತು. ಟೀಕೆ ಜೋರಾಗಿ ಆ ಅಕ್ಷರಗಳನ್ನು ಕೈಬಿಡಬೇಕಾಯಿತು. ಅಷ್ಟರಲ್ಲೇ ತೈಲ ಬಿಕ್ಕಟ್ಟು ಬಂತು. ಒಟ್ಟು 1,672 ಕಾರು ತಯಾರಾಗಿ ಕಥೆ ಮುಗಿಯಿತು. ಟರ್ಬೊ ಎಂದರೆ ಬರೀ ರೇಸಿಗಲ್ಲ, ದಿನದ ಓಡಾಟಕ್ಕೂ ಆಗುತ್ತದೆ ಎಂದು ಆಮೇಲೆ ಜನರಿಗೆ ಮನದಟ್ಟು ಮಾಡಿದ್ದು ಸ್ವೀಡನ್ನಿನ ಸಾಬ್ ಕಂಪನಿಯ '99 ಟರ್ಬೊ'.

1980ರ ದಶಕದ ಕೊನೆಗೆ ಜರ್ಮನಿಯಲ್ಲಿ ಇನ್ನೊಂದು ಬೆಳವಣಿಗೆಯಾಯಿತು. ಬಿಎಂಡಬ್ಲ್ಯು, ಮರ್ಸಿಡಿಸ್‌ನಂಥ ಕಂಪನಿಗಳು ತಮ್ಮ ಕಾರುಗಳ ವೇಗವನ್ನು ತಾವೇ ಗಂಟೆಗೆ 250 ಕಿ.ಮೀ.ಗೆ ನಿಲ್ಲಿಸತೊಡಗಿದವು. ಇದು ಕಾನೂನಲ್ಲ, ತಮ್ಮ ತಮ್ಮಲ್ಲೇ ಮಾಡಿಕೊಂಡ ಒಪ್ಪಂದ. ಬಿಎಂಡಬ್ಲ್ಯು ಎಂ5 315 ಅಶ್ವಶಕ್ತಿ, ಮರ್ಸಿಡಿಸ್ 500 ಇ 326. ಎರಡೂ 250ಕ್ಕೆ ನಿಲ್ಲುತ್ತಿದ್ದವು.

ಲೋಟಸ್ ಕಾರ್ಲ್ಟನ್ ಬಂದಿದ್ದು ಇದರ ನಡುವೆ. ಅಮೆರಿಕದ ಜನರಲ್ ಮೋಟರ್ಸ್ 1986ರಲ್ಲಿ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು ಕಂಪನಿ ಲೋಟಸ್ಸನ್ನು ಕೊಂಡಿತ್ತು. ಜರ್ಮನಿಯ ಒಪೆಲ್, ಇಂಗ್ಲೆಂಡಿನ ವಾಕ್ಸಾಲ್ ಕೂಡ ಆಗ ಅದರದ್ದೇ ಆಗಿದ್ದವು. (1990ರ ದಶಕದಲ್ಲಿ ನಮ್ಮ ರಸ್ತೆಗಳಲ್ಲಿ ಓಡಿದ ಒಪೆಲ್ ಆಸ್ಟ್ರಾ ನೆನಪಿದೆ ಅಲ್ವಾ? ಅದೇ ಒಪೆಲ್.) ಒಪೆಲ್‌ನ ದೊಡ್ಡ ಸೆಡಾನ್ ಒಮೆಗಾ ಇಂಗ್ಲೆಂಡಿನಲ್ಲಿ ವಾಕ್ಸಾಲ್ ಕಾರ್ಲ್ಟನ್ ಆಗಿ ಮಾರಾಟವಾಗುತ್ತಿತ್ತು. ಜರ್ಮನಿಯಲ್ಲಿ ತಯಾರಾದ ಕಾರುಗಳನ್ನು ಇಂಗ್ಲೆಂಡಿನ ನಾರ್ಫೋಕ್‌ನ ಹೆಥೆಲ್‌ಗೆ ತರಿಸಿ, ಲೋಟಸ್‌ನವರು ಬಿಚ್ಚಿ ಮತ್ತೆ ಕಟ್ಟಿದರು.

ಅಸಲು ಎಂಜಿನ್ ಆರು ಸಿಲಿಂಡರಿನ 3 ಲೀಟರ್, 204 ಅಶ್ವಶಕ್ತಿಯದು. ಲೋಟಸ್ ಅದನ್ನು 3.6 ಲೀಟರಿಗೆ ಹಿಗ್ಗಿಸಿ ಎರಡು ಗ್ಯಾರೆಟ್ ಟರ್ಬೊ ಜೋಡಿಸಿತು. ಟರ್ಬೊ ಕೆಲಸ ಸರಳ: ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಜಾಸ್ತಿ ಗಾಳಿ ಇದ್ದರೆ ಜಾಸ್ತಿ ಪೆಟ್ರೋಲ್ ಉರಿಸಬಹುದು. ಒಂದು ದೊಡ್ಡ ಟರ್ಬೊ ಇಟ್ಟರೆ ಅದು ತಿರುಗಲು ಹೊತ್ತು ಹಿಡಿಯುತ್ತದೆ. ಎಕ್ಸಲರೇಟರ್ ತುಳಿದ ಮೇಲೆ ಸ್ವಲ್ಪ ಕಾಯಬೇಕು. ಎರಡು ಚಿಕ್ಕವಾದರೆ ಬೇಗ ಎಚ್ಚರಗೊಳ್ಳುತ್ತವೆ. ಹಾಗಾಗಿ ನಿಮಿಷಕ್ಕೆ 2,000 ಸುತ್ತಿನಲ್ಲೇ ಎಳೆತದ ಬಹುಪಾಲು ಸಿಗುತ್ತಿತ್ತು.

ಈಗ ಅಂಕಿಗಳನ್ನು ನೋಡೋಣ. ಶಕ್ತಿ ಕೆಲವು ಕಡೆ 377, ಕೆಲವು ಕಡೆ 382 ಎಂದಿರುತ್ತದೆ. ಎರಡು ಬಗೆಯ ಎಂಜಿನ್ ಇತ್ತೇನೋ ಅಂದುಕೊಳ್ಳಬೇಡಿ. ಮೊದಲನೆಯದು ಬ್ರಿಟಿಷ್ ಅಶ್ವಶಕ್ತಿ, ಎರಡನೆಯದು ಯುರೋಪಿನ ಮೆಟ್ರಿಕ್ ಅಶ್ವಶಕ್ತಿ. ಶಕ್ತಿ ಒಂದೇ, ಅಳತೆಗೋಲು ಬೇರೆ. ಹಾಗೆಯೇ '5.2 ಸೆಕೆಂಡ್' ಎಂಬ ಪ್ರಸಿದ್ಧ ಅಂಕಿ ನಿಂತಲ್ಲಿಂದ ಗಂಟೆಗೆ 60 ಮೈಲಿ ಮುಟ್ಟಲು ಬೇಕಾದ ಹೊತ್ತು. ಅದು ಸುಮಾರು 96.5 ಕಿ.ಮೀ., ನಾವು ಲೆಕ್ಕ ಹಾಕುವ 100 ಅಲ್ಲ. ಇವತ್ತಿನ ಕಾರುಗಳ 0–100 ಜೊತೆ ಅದನ್ನು ಸುಮ್ನೆ ಪಕ್ಕಕ್ಕಿಟ್ಟು ಹೋಲಿಸಿದರೆ ತಪ್ಪಾಗುತ್ತದೆ.

ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಟಾರ್ಕ್. ಚಕ್ರಗಳನ್ನು ತಿರುಗಿಸುವ ಆ ಬಲ ಇದರಲ್ಲಿ 568 ನ್ಯೂಟನ್ ಮೀಟರ್. ಒಮೆಗಾದ ಗೇರ್‌ಬಾಕ್ಸ್ ಅಷ್ಟನ್ನು ತಡೆಯುವಂತಿರಲಿಲ್ಲ. ಅದಕ್ಕೇ ಅಮೆರಿಕದ ಕಾರ್ವೆಟ್ ಜೆಡ್‌ಆರ್-1ರ ಆರು ಗೇರಿನ ಪೆಟ್ಟಿಗೆಯನ್ನು ತಂದು ಹಾಕಿದರು. ಆ ಕಾರ್ವೆಟ್‌ನ ಎಂಜಿನ್ನಿನ ವಿನ್ಯಾಸವೂ ಲೋಟಸ್‌ನವರದ್ದೇ. ರಸ್ತೆಯಲ್ಲಿ ಲಾರಿಯನ್ನು ಹಿಂದೆ ಹಾಕುವಾಗ ನಾವು 'ಪಿಕಪ್' ಅನ್ನುತ್ತೇವಲ್ಲ, ಅದರ ಮೂಲ ಈ ಟಾರ್ಕಿನಲ್ಲಿದೆ.

ಟಾಪ್ ಸ್ಪೀಡಿನ ಲೆಕ್ಕವೇ ಬೇರೆ. ಅಲ್ಲಿ ಜಗಳ ಗಾಳಿಯ ಜೊತೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟು, ಅದನ್ನು ಸೀಳಲು ಬೇಕಾದ ಶಕ್ತಿ ಎಂಟರಷ್ಟು. 250ರಿಂದ 283ಕ್ಕೆ ಹೋಗುವುದು ಕಾಗದದ ಮೇಲೆ ಬರೀ 33 ಕಿ.ಮೀ. ಆದರೆ ಗಾಳಿಯನ್ನು ಸೀಳಲು ಸುಮಾರು 45 ಶೇಕಡಾ ಹೆಚ್ಚು ಶಕ್ತಿ ಬೇಕು. ಎಂಜಿನಿಯರುಗಳ ಹೆಮ್ಮೆ ಅಲ್ಲಿತ್ತು. ವಾಕ್ಸಾಲ್ 250ರ ಬೇಲಿಯನ್ನು ಹಾಕಲಿಲ್ಲ.

ಪತ್ರಿಕೆಗಳು ಸಿಡಿದವು. ಡೈಲಿ ಮೇಲ್ ಈ ಕಾರನ್ನು ನಿಷೇಧಿಸಬೇಕು ಎಂದು ಬರೆಯಿತು. ಪೊಲೀಸ್ ಅಧಿಕಾರಿಗಳೂ ಆಕ್ಷೇಪಿಸಿದರು. ಅದೇ ಹೊತ್ತಿನಲ್ಲಿ ಫೆರಾರಿಯ ಎರಡು ಬಾಗಿಲಿನ ಟೆಸ್ಟಾರೊಸ ಇದಕ್ಕಿಂತ ವೇಗವಾಗಿ ಓಡುತ್ತಿತ್ತು, ಅದರ ಮೇಲೆ ಈ ಮಟ್ಟದ ಗಲಾಟೆ ಆಗಲಿಲ್ಲ. ಕೆಂಪು ಫೆರಾರಿ ವೇಗವಾಗಿ ಹೋಗುವುದು ಸಹಜ, ಸಂಸಾರದ ಕಾರು ಹೋಗಬಾರದು ಎಂಬ ಭಾವನೆ ಅದರ ಹಿಂದೆ ಇತ್ತು ಅನ್ನಿಸುತ್ತದೆ.

ನಿಷೇಧ ಬರಲಿಲ್ಲ. ಆದರೆ ಆರ್ಥಿಕ ಹಿಂಜರಿತ ಬಂತು. 1,100 ಕಾರು ಮಾಡುವ ಯೋಜನೆ 950ಕ್ಕೆ ನಿಂತಿತು. ಅದರಲ್ಲಿ 320 ವಾಕ್ಸಾಲ್ ಹೆಸರಿನವು, 630 ಒಪೆಲ್ ಹೆಸರಿನವು. 1992ರ ಡಿಸೆಂಬರ್‌ನಲ್ಲಿ ತಯಾರಿಕೆ ಮುಗಿಯಿತು.

ಹೆಚ್ಚು ಜನರಿಗೆ ಗೊತ್ತಿರುವ ಘಟನೆ ನಡೆದಿದ್ದು ಅದಾದ ಮೇಲೆ. 1993ರ ನವೆಂಬರ್‌ನಲ್ಲಿ ವುಸ್ಟರ್‌ಶೈರ್‌ನ ಒಂದು ಮನೆಯಿಂದ '40 ಆರ್‌ಎ' ನಂಬರಿನ ಕಾರ್ಲ್ಟನ್ ಕಳುವಾಯಿತು. ಕಳ್ಳರು ಅದರಲ್ಲಿ ರಾತ್ರಿ ಹೊತ್ತು ಅಂಗಡಿಗಳಿಗೆ ನುಗ್ಗಿ ಸಿಗರೇಟು, ಮದ್ಯ ದೋಚಿದರು. ಸಣ್ಣ ಗಸ್ತು ಕಾರಿನ ಪೊಲೀಸರಿಗೆ ಬೆನ್ನಟ್ಟಲು ಆಗಲೇ ಇಲ್ಲ. 176 ಮತ್ತೆ ಸುದ್ದಿಯಾಯಿತು.

ಆದರೆ ಆ ಭಾಗದ ಕಿರಿದಾದ, ತಿರುವಿನ ರಸ್ತೆಗಳಲ್ಲಿ ಯಾರೂ 283ರಲ್ಲಿ ಓಡಿಸಲಾರರು. ಕಳ್ಳರು ತಪ್ಪಿಸಿಕೊಂಡಿದ್ದು ಪಿಕಪ್‌ನಿಂದ, ಅಂದರೆ ಆ 568ರಿಂದ. 250ರ ಬೇಲಿ ಇದ್ದಿದ್ದರೂ ಆ ರಾತ್ರಿಗಳಲ್ಲಿ ಏನೂ ಬದಲಾಗುತ್ತಿರಲಿಲ್ಲ. ಇಷ್ಟು ವರ್ಷ ಜಗಳವಾಡಿದವರಲ್ಲಿ ಟಾರ್ಕಿನ ಮೇಲೆ ಮಿತಿ ಹಾಕಿ ಎಂದು ಕೇಳಿದವರು ನನಗೆ ಕಂಡಿಲ್ಲ.

ಆ ಕಾರು ಮತ್ತೆ ಸಿಗಲಿಲ್ಲ. ಇನ್ನು 250ರ ಬೇಲಿಯ ವಿಷಯ: ಈಗ ಜರ್ಮನಿಯ ಕಂಪನಿಗಳೇ ಹೆಚ್ಚುವರಿ ಹಣ ಪಡೆದು ಅದನ್ನು ಸಡಿಲಿಸುತ್ತವೆ. 2017ರಲ್ಲಿ ಬಂದ ಎಂ5 ಹಾಗೆ ಗಂಟೆಗೆ 305 ಕಿ.ಮೀ. ಮುಟ್ಟುತ್ತದೆ. ಅದರಲ್ಲಿರುವುದೂ ನಾಲ್ಕು ಬಾಗಿಲು, ಎರಡು ಟರ್ಬೊ.