ಡೇಟಾ ನಿಘಂಟು: ಪಟ್ಟಿ ಬೇರೆ, ಅರ್ಥ ಬೇರೆ

ಹೋದ ವಾರ ಇನ್ನೊಂದು ಎಕ್ಸೆಲ್ ಹಾಳೆ ಬಂತು. ತಲೆಬರಹ ‘ಡೇಟಾ ಡಿಕ್ಷನರಿ’, ಅಂದರೆ ಡೇಟಾಬೇಸಿನ ಪ್ರತಿ ಕಾಲಂಗೂ ಏನರ್ಥ ಅಂತ ಹೇಳಬೇಕಾದ ನಿಘಂಟು. ಒಳಗೆ ನಾನೂರು ಸಾಲು. ಒಂದು ಸಾಲು ನೋಡಿ. ಕಾಲಂ: ‘ಕಸ್ಟ್_ಸ್ಟಾಟ್_ಕೋಡ್’. ವಿವರಣೆ: ‘ಕಸ್ಟಮರ್ ಸ್ಟೇಟಸ್ ಕೋಡ್’. ನುಂಗಿದ ಅಕ್ಷರ ಕಕ್ಕಿಸಿದ್ದೇ ವಿವರಣೆ! ಅದರೊಳಗಿನ 1, 2, 9 ಅಂದರೇನು ಅಂತ ಎಲ್ಲೂ ಇಲ್ಲ. ಡೇಟಾಬೇಸಿನಿಂದ ಇಳಿಸಿಕೊಂಡ ಕಾಲಂ ಪಟ್ಟಿಯನ್ನು ನಿಘಂಟು ಅನ್ನೋದನ್ನು ಇನ್ನಾದರೂ ಬಿಡಬೇಕು.

ತಮಾಷೆಯೆಂದರೆ, ಪದದ ಬೇರು ಹಿಡಿದು ಹೋದರೆ ಅವರೇ ಸರಿ. ‘ನಿಘಂಟು’ ಮೊದಲಿಗೆ ಬರೀ ಪಟ್ಟಿಯೇ. ವೇದದ ಪದಗಳನ್ನು ಗುಂಪು ಮಾಡಿಟ್ಟ ಐದು ಅಧ್ಯಾಯ. ಭೂಮಿಗೆ 21 ಹೆಸರು, ಚಿನ್ನಕ್ಕೆ 15, ಹೀಗೆ. ಆ ಪಟ್ಟಿಯನ್ನು ಮುಂದಿಟ್ಟುಕೊಂಡು, ಪದ ಹೇಗೆ ಹುಟ್ಟಿತು, ಯಾವ ಮಂತ್ರದಲ್ಲಿ ಏನರ್ಥ ಎಂದು ಬಿಡಿಸಿದವನು ಯಾಸ್ಕ. ಅವನ ಗ್ರಂಥದ ಹೆಸರು ‘ನಿರುಕ್ತ’. ಆಫೀಸುಗಳಲ್ಲಿ ನಿಘಂಟಿಗೆ ಬರವಿಲ್ಲ, ನಿರುಕ್ತಕ್ಕಿದೆ. (‘ದತ್ತಾಂಶ’ದ ದತ್ತ ಅಂದರೆ ಕೊಟ್ಟದ್ದು. ಲ್ಯಾಟಿನ್ನಿನ ‘ಡೇಟಮ್’ಗೂ ಅದೇ ಅರ್ಥ. ಕೊಟ್ಟವರು ಯಾರು ಅಂತ ಯಾರೂ ಕೇಳುವುದಿಲ್ಲ.)

ಹಾಲಿನ ಡೇರಿಯ ‘ಪ್ರಮಾಣ’ ಕಾಲಂನಲ್ಲಿ 1,000 ಅಂತಿದೆ ಅನ್ನಿ. ಲೀಟರೋ, ಕಿಲೋನೋ? 1,000 ಲೀಟರ್ ಹಾಲು ತೂಗಿದರೆ ಸುಮಾರು 1,030 ಕಿಲೋ. ಖರೀದಿ ಕಿಲೋದಲ್ಲಿ, ಮಾರಾಟ ಲೀಟರಿನಲ್ಲಿ ಬರೆದು ಒಂದರಿಂದ ಒಂದು ಕಳೆದರೆ, ಚೆಲ್ಲದ ಹಾಲೂ ಚೆಲ್ಲಿದಂತೆ ಕಾಣುತ್ತದೆ. ‘ವರ್ಷ: 2025’ ಅಂದರೆ ಆ ಮಾರ್ಚ್ 31ಕ್ಕೆ ಮುಗಿದದ್ದೋ, ಏಪ್ರಿಲ್ 1ಕ್ಕೆ ಶುರುವಾದದ್ದೋ? ಆದಾಯ ತೆರಿಗೆ ನೋಡಿಕೊಳ್ಳುವವರನ್ನು ಕೇಳಿದರೆ 2024-25ರ ಲೆಕ್ಕವನ್ನು 2025-26ರ ಅಸೆಸ್‌ಮೆಂಟ್ (ತೆರಿಗೆ ನಿರ್ಧಾರ) ಅನ್ನುತ್ತಾರೆ.

ಅಳತೆ, ತಾರೀಕು, ಅರ್ಥ ಬದಲಿಸುವ ಅಧಿಕಾರ ಯಾರದು: ಒತ್ತಾಯಿಸಿದರೆ ಇಷ್ಟನ್ನು ಹೇಗೋ ಬರೆಯುತ್ತಾರೆ. ಒಂದು ಪದದಲ್ಲಿ ಏನು ಸೇರಿಲ್ಲ ಅನ್ನೋದನ್ನು ಮಾತ್ರ ಬರೆಯೋದಿಲ್ಲ. ಮಾರಾಟದವರಿಗೆ ರೇಟು ಕೇಳಿದವನೂ ಗ್ರಾಹಕ. ಲೆಕ್ಕದವರಿಗೆ ಬಿಲ್ಲಾದವನು ಮಾತ್ರ. ಇಬ್ಬರನ್ನೂ ಕೂರಿಸಿ ಒಂದೇ ವ್ಯಾಖ್ಯೆಗೆ ಒಪ್ಪಿಸಲು ಮೀಟಿಂಗ್ ಮೇಲೆ ಮೀಟಿಂಗ್ ಯಾಕೆ? ‘ವಿಚಾರಿಸಿದವರು’, ‘ಬಿಲ್ಲಾದವರು’ ಅಂತ ಎರಡು ಪದ ಮಾಡಿ, ಮುಗೀತು.

ಅಂದಹಾಗೆ, ಆ 9 ಏನೆಂದು ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರನ್ನು ಕೇಳಿದೆ. “ಓ, ಅದಾ? ಚೆಕ್ ಬೌನ್ಸ್ ಆದ ಪಾರ್ಟಿಗಳು ಸಾರ್. ಮತ್ತೆ ಉದ್ರಿ ಕೊಡಬಾರದು ಅಂತ ನಾನೇ ಹಾಕಿಸಿದ್ದೆ” ಅಂದರು. ಬರುವ ಮಾರ್ಚಿಗೆ ಅವರ ನಿವೃತ್ತಿ.