ಆಡುಸೋಗೆಯ ರಸ, ಜೇನುತುಪ್ಪ ಮತ್ತು ದೂಳಿನ ಕೆಮ್ಮು

ರಾಯಚೂರು, ಕೊಪ್ಪಳದ ಹಳ್ಳಿಮನೆಗಳಲ್ಲಿ ಕೆಮ್ಮು ಹಿಡಿದರೆ ಹಿರಿಯರು ಹುಡುಕುವ ಗಿಡಗಳಲ್ಲಿ ಆಡುಸೋಗೆಯೂ ಒಂದು. ಹಸಿ ಎಲೆಯನ್ನು ಎಷ್ಟು ಜಜ್ಜಿದರೂ ರಸ ಸುಲಭವಾಗಿ ಬಿಡದು. ಆದ್ದರಿಂದ ಅದನ್ನು ಬಿಸಿಯಲ್ಲಿ ಬಾಡಿಸಿ, ಬಟ್ಟೆಯಲ್ಲಿ ಕಟ್ಟಿ ಹಿಂಡುತ್ತಾರೆ. ಹಾಗೆ ಇಳಿದ ಕಡುಹಸಿರು ರಸ ಎಷ್ಟು ಕಹಿಯೆಂದರೆ ಜೇನುತುಪ್ಪ ಬೆರೆಸದೆ ಕುಡಿಯುವವರು ವಿರಳ.

ಈ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಸಂಯುಕ್ತವನ್ನು ಮಾದರಿಯಾಗಿಟ್ಟುಕೊಂಡೇ ರಸಾಯನವಿಜ್ಞಾನಿಗಳು ಕಫವನ್ನು ತೆಳುವಾಗಿಸುವ ಬ್ರೋಮ್‌ಹೆಕ್ಸಿನ್ ಔಷಧವನ್ನು ರೂಪಿಸಿದರು. ಅದು ದೇಹದಲ್ಲಿ ಮಾರ್ಪಟ್ಟಾಗ ದೊರೆಯುವ ಆಂಬ್ರಾಕ್ಸಾಲ್ ಇಂದು ಅನೇಕ ಸಿರಪ್ಪುಗಳಲ್ಲಿದೆ. ಆದರೆ ಈ ನಂಟಿನಿಂದಲೇ ಮನೆಯ ರಸವೂ ಅಷ್ಟೇ ಗುಣಕಾರಿ ಎಂದು ಹೇಳಲಾಗದು, ಏಕೆಂದರೆ ಮಾತ್ರೆಯಲ್ಲಿ ಔಷಧದ ಪ್ರಮಾಣ ನಿಗದಿಯಾಗಿರುತ್ತದೆ, ಎಲೆಯಲ್ಲಿ ಅದು ಗಿಡದಿಂದ ಗಿಡಕ್ಕೆ ಬದಲಾಗುತ್ತದೆ. ಗರ್ಭಕೋಶವನ್ನು ಸಂಕುಚಿಸುವ ಗುಣವೂ ವ್ಯಾಸಿಸಿನ್‌ಗೆ ಇರುವುದರಿಂದ ಗರ್ಭಿಣಿಯರು ಈ ರಸವನ್ನು ಸೇವಿಸಬಾರದು.

ವಿಚಿತ್ರವೆಂದರೆ, ಕಹಿ ಮರೆಸಲು ಬೆರೆಸುವ ಜೇನುತುಪ್ಪಕ್ಕೇ ಹೆಚ್ಚಿನ ಪುರಾವೆಯಿದೆ. 2007ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 105 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಮಲಗುವ ಮುನ್ನ ಜೇನುತುಪ್ಪ ಪಡೆದವರ ರಾತ್ರಿಯ ಕೆಮ್ಮು ಏನನ್ನೂ ಪಡೆಯದವರಿಗಿಂತ ಹೆಚ್ಚು ತಗ್ಗಿತು. 2012ರಲ್ಲಿ ಇಸ್ರೇಲಿನಲ್ಲಿ 300 ಮಕ್ಕಳಿಗೆ ಜೇನುತುಪ್ಪವನ್ನೋ ಖರ್ಜೂರದ ಪಾಕವನ್ನೋ ಕೊಟ್ಟು ನೋಡಿದಾಗಲೂ ಜೇನುತುಪ್ಪವೇ ಮೇಲಾಯಿತು. ಖರ್ಜೂರದ ಪಾಕ ಕುಡಿದ ಮಕ್ಕಳೂ ಸ್ವಲ್ಪ ಸುಧಾರಿಸಿದ್ದರೆಂಬುದನ್ನು ಮರೆಯಬಾರದು: ನೆಗಡಿಯ ಕೆಮ್ಮು ಸರಾಸರಿ 18 ದಿನ ಕಾಡಿ ತಾನಾಗಿಯೇ ಇಳಿಯುತ್ತದೆ, ಇಳಿಯುವ ಹೊತ್ತಿಗೆ ಕುಡಿದ ಕಷಾಯಕ್ಕೆ ಹೆಸರು ಬರುತ್ತದೆ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನುತುಪ್ಪವನ್ನು ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಬಾಟ್ಯುಲಿಸಂ ರೋಗಾಣುವಿನ ಬೀಜಕಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷವುಂಟುಮಾಡಬಲ್ಲವು.

ಶುಂಠಿ, ಮೆಣಸು, ತುಳಸಿಯ ಬಿಸಿ ಕಷಾಯ ಗಂಟಲಿಗೆ ಹಿತವೆಂಬುದು ನಿಜ, ಅದಕ್ಕಿಂತ ದೊಡ್ಡ ಮಾತಿಗೆ ಆಧಾರ ತೆಳುವಾಗಿದೆ. ಜೇಷ್ಠಮಧುವನ್ನು ವಾರಗಟ್ಟಲೆ ಅಗಿದರೆ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಕುಸಿಯಬಹುದು.

ನಮ್ಮ ಭಾಗದಲ್ಲಿ ಕೆಮ್ಮಿನ ಮೂಲವೆಲ್ಲ ನೆಗಡಿಯೇ ಅಲ್ಲ. ಸಂಡೂರಿನ ಅದಿರಿನ ದಾರಿ, ಗಿಣಿಗೇರಿಯ ಸುತ್ತಲಿನ ಕಾರ್ಖಾನೆಗಳು, ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲುಗಳು, ಎಲ್ಲೆಡೆಯೂ ದೂಳು. ಕಲ್ಲಿನ ದೂಳಿನಲ್ಲಿರುವ ಸಿಲಿಕಾ ಕಣಗಳು ಶ್ವಾಸಕೋಶದಲ್ಲಿ ಮಾಡಿದ ಗಾಯದ ಕಲೆಯನ್ನು ಯಾವ ಎಲೆಯ ರಸವೂ ಅಳಿಸದು. ಮೇಲಾಗಿ ಅಂಥವರಿಗೆ ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚು. ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತವಾಗಿ ನಡೆಯುತ್ತದೆ. ಕಷಾಯ ಕುಡಿಯುತ್ತಲೇ ಅದನ್ನು ಮಾಡಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.