ಚಿನ್ನ ಹಿಡಿದು ಜ್ವಾಲಾಮುಖಿಯ ಬಾಯಿಗೆ

ನಾನು ಚಿಕ್ಕವನಿದ್ದಾಗ ಮನೆಯಲ್ಲಿ ಥರ್ಮಾಮೀಟರ್ ಒಡೆಯಿತು. ನೆಲದ ಮೇಲೆ ಉರುಳಾಡುತ್ತಿದ್ದ ಪಾದರಸದ ಗುಂಡುಗಳನ್ನು ಅಮ್ಮ ಬರಿಗೈಯಲ್ಲೇ ಬಳಿದರು. ಆಮೇಲೆ ನೋಡಿದರೆ ಅವರ ಚಿನ್ನದ ಉಂಗುರ ಬೆಳ್ಳಿಯ ಹಾಗೆ ಬೆಳ್ಳಗಾಗಿತ್ತು! ಅಕ್ಕಸಾಲಿಗರು ಕಾಸಿದರು, ಬಣ್ಣ ವಾಪಸ್ ಬಂತು. ಪಾದರಸ ಆವಿಯಾಗಿ ಅಂಗಡಿಯ ಗಾಳಿಗೆ ಸೇರಿತ್ತು. ಅದು ವಿಷದ ಆವಿ, ಯಾರೂ ಹಾಗೆ ಮಾಡಬಾರದು. ಆದರೆ ಉಂಗುರದಲ್ಲಿ ನಡೆದ ಈ ಕೆಲಸವನ್ನೇ ವಿಜ್ಞಾನಿಗಳು ಜ್ವಾಲಾಮುಖಿಯ ಬಾಯಲ್ಲಿ ನಡೆಸುತ್ತಾರೆ, ಅದು ಎಷ್ಟು ಪಾದರಸ ಬಿಡುತ್ತದೆ ಅಂತ ಅಳೆಯಲು.

ನಿಕರಾಗುವಾ ದೇಶದ ಮಸಾಯ ಜ್ವಾಲಾಮುಖಿಯನ್ನೇ ನೋಡಿ. ರಸ್ತೆ ಕುಳಿಯ ಅಂಚಿನವರೆಗೂ ಇದೆ. 1538ರಲ್ಲಿ ಬ್ಲಾಸ್ ದೆಲ್ ಕಾಸ್ತಿಯೊ ಎಂಬ ಸ್ಪೇನಿನ ಪಾದ್ರಿ, ಒಳಗೆ ಕುದಿಯುತ್ತಿರುವುದು ಕರಗಿದ ಚಿನ್ನ ಅಂತ ನಂಬಿ, ಬುಟ್ಟಿಯಲ್ಲಿ ಕೂತು ಹಗ್ಗದ ಮೇಲೆ ಇಳಿದ. ಸಿಕ್ಕಿದ್ದು ಬರೀ ಕಲ್ಲು. ಈಗ ವಿಜ್ಞಾನಿಗಳು ಅದೇ ಬೆಟ್ಟದ ಕುಳಿಯ ಹತ್ತಿರ ತಾವೇ ಚಿನ್ನ ತೆಗೆದುಕೊಂಡು ಹೋಗುತ್ತಾರೆ. ಜಾಸ್ತಿ ಅಲ್ಲ, ಸಣ್ಣ ಕೊಳವೆಯೊಳಗೆ ಚಿನ್ನದ ಲೇಪವಿರುವ ಒಂದಿಷ್ಟು ಮರಳು. ಪಂಪು ಹೊಗೆಯನ್ನು ಆ ಮರಳಿನ ಮೂಲಕ ಎಳೆಯುತ್ತದೆ. ಪಾದರಸ ಚಿನ್ನಕ್ಕೆ ಅಂಟುತ್ತದೆ, ಉಳಿದ ಅನಿಲ ಹೊರಟುಹೋಗುತ್ತದೆ. ಲ್ಯಾಬಿಗೆ ತಂದು ಕಾಸಿದರೆ ಚಿನ್ನ ಅದನ್ನು ಬಿಟ್ಟುಕೊಡುತ್ತದೆ. 253.7 ನ್ಯಾನೊಮೀಟರಿನ ನೇರಳಾತೀತ ಬೆಳಕು ಹಾಯಿಸಿದರೆ ಪಾದರಸದ ಆವಿ ಮಿನುಗುತ್ತದೆ. ಆ ಮಿನುಗಿನಿಂದಲೇ ಲೆಕ್ಕ.

ಜ್ವಾಲಾಮುಖಿ ಸಿಡಿದಾಗ ಮಾತ್ರ ವಿಷ ಕಕ್ಕುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಪಾದರಸ ಕುದಿಯುವುದು 357 ಡಿಗ್ರಿಗೆ, ಮಸಾಯದ ಲಾವಾ ಸಾವಿರ ಡಿಗ್ರಿ ದಾಟಿರುತ್ತದೆ. ಅಲ್ಲಿ ಅದು ಎಲ್ಲಿ ನಿಂತೀತು? ಬೆಟ್ಟ ಸುಮ್ನೆ ಹೊಗೆಯಾಡುತ್ತಾ ಕೂತಿದ್ದರೂ ಹಗಲು ರಾತ್ರಿ ಪಾದರಸ ಹೊರಬೀಳುತ್ತಲೇ ಇರುತ್ತದೆ. ಗ್ಯಾಸ್ ಸಿಲಿಂಡರ್ ಸಿಡಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಸಣ್ಣಗೆ ಸೋರುತ್ತಿದ್ದರೆ ಪಕ್ಕದ ಮನೆಗೂ ಗೊತ್ತಾಗುವುದಿಲ್ಲ, ಅಲ್ವಾ?

ಸರಿ, ಕೊಳವೆಯ ಲೆಕ್ಕ ಸಿಕ್ಕಿತು. ಇಡೀ ಬೆಟ್ಟದ್ದು? ಇದು ನನಗೆ ತುಂಬಾ ಇಷ್ಟವಾದ ಭಾಗ. ಮದುವೆಮನೆಯಲ್ಲಿ ಹೋಳಿಗೆ ಎಷ್ಟು ಖರ್ಚಾಯಿತು ಅಂತ ತಿಳಿಯಲು ಊಟದ ಎಲೆ ಎಣಿಸಿದರೆ ಸಾಕು, ಎಲೆಗೆ ಎರಡರಂತೆ ಗುಣಿಸಿದರಾಯಿತು. ಇಲ್ಲಿ ಪಾದರಸ ಹೋಳಿಗೆ, ಅದೇ ಹೊಗೆಯಲ್ಲಿರುವ ಸಲ್ಫರ್ ಡೈಆಕ್ಸೈಡ್ ಅನಿಲ ಎಲೆ. ಸಲ್ಫರ್ ಡೈಆಕ್ಸೈಡ್ ದಿನಕ್ಕೆ ಎಷ್ಟು ಟನ್ ಏಳುತ್ತಿದೆ ಅಂತ ದೂರದಲ್ಲಿ ನಿಂತು, ಉಪಕರಣವನ್ನು ಆಕಾಶಕ್ಕೆ ತಿರುಗಿಸಿಯೇ ಅಳೆಯಬಹುದು. ಅದರ ಒಂದೊಂದು ಟನ್ನಿಗೆ ಎಷ್ಟು ಪಾದರಸ ಅನ್ನುವುದನ್ನು ಅಂಚಿನ ಅಳತೆ ಹೇಳುತ್ತದೆ. ಮಸಾಯದಲ್ಲಿ ಒಂದು ಟನ್ನಿಗೆ ಸುಮಾರು 20 ಗ್ರಾಂ ಬಂತು. ಗುಣಿಸಿದಾಗ ವರ್ಷಕ್ಕೆ ಸುಮಾರು 7 ಟನ್ ಪಾದರಸ.

ಆದರೆ ಒಂದು ಮದುವೆಯಲ್ಲಿ ಎಲೆಗೆ ಎರಡು ಹೋಳಿಗೆ, ಇನ್ನೊಂದರಲ್ಲಿ ಅರ್ಧ. ಅನ್ನ ಬೆಂದಿದೆಯಾ ಅಂತ ನೋಡಲು ಒಂದಗುಳು ಹಿಚುಕಿದರೆ ಸಾಕು, ಜ್ವಾಲಾಮುಖಿಗೆ ಸಾಲದು. ಬೆಟ್ಟದಿಂದ ಬೆಟ್ಟಕ್ಕೆ ಪ್ರಮಾಣ ಬದಲಾಗುತ್ತದೆ. ಅದಕ್ಕೇ ಜಗತ್ತಿನ ಎಲ್ಲ ಜ್ವಾಲಾಮುಖಿಗಳು ಸೇರಿ ವರ್ಷಕ್ಕೆ ಬಿಡುವ ಪಾದರಸ ಎಷ್ಟು ಅಂದರೆ ಒಬ್ಬರು 100 ಟನ್ ಆಸುಪಾಸು ಅನ್ನುತ್ತಾರೆ, ಇನ್ನೊಬ್ಬರು 700.

"ಪ್ರಕೃತಿಯೇ ಇಷ್ಟು ವಿಷ ಬಿಡುವಾಗ ನಮ್ಮದೇನು ಮಹಾ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2015ರಲ್ಲಿ ಮನುಷ್ಯರು ಗಾಳಿಗೆ ಬಿಟ್ಟ ಪಾದರಸ ಸುಮಾರು 2,220 ಟನ್. ಅದರಲ್ಲಿ ಐದನೇ ಒಂದು ಪಾಲು ಕಲ್ಲಿದ್ದಲು ಸುಟ್ಟಿದ್ದರಿಂದ. ಅದಕ್ಕಿಂತ ದೊಡ್ಡ ಪಾಲು, ಶೇಕಡಾ 38ರಷ್ಟು, ಸಣ್ಣಪುಟ್ಟ ಚಿನ್ನದ ಗಣಿಗಳದ್ದು. ನಮ್ಮ ಕೋಲಾರದ ಗಣಿಯಲ್ಲೂ ಒಂದು ಕಾಲಕ್ಕೆ ಚಿನ್ನ ಹಿಡಿಯಲು ಪಾದರಸ ಬಳಸುತ್ತಿದ್ದರು. ನಿಕರಾಗುವಾದಲ್ಲಿ, ಮಸಾಯ ಇರುವ ಅದೇ ದೇಶದಲ್ಲಿ, ಸಣ್ಣ ಗಣಿಯವರು ಈಗಲೂ ಬಳಸುತ್ತಾರೆ. ಅದಿರಿನ ಪುಡಿಗೆ ಪಾದರಸ ಬೆರೆಸುತ್ತಾರೆ, ಅದು ಚಿನ್ನವನ್ನು ತಬ್ಬಿಕೊಳ್ಳುತ್ತದೆ, ಆಮೇಲೆ ಆ ಮುದ್ದೆಯನ್ನು ಕಾಸುತ್ತಾರೆ. ಕೊಳವೆಯಲ್ಲಿ ನಡೆದದ್ದೇ ಇಲ್ಲೂ ನಡೆಯುತ್ತದೆ. ಆದರೆ ಬಿಟ್ಟುಹೋದ ಪಾದರಸವನ್ನು ಹಿಡಿಯಲು ಆಚೆ ಕಡೆ ಯಾವ ಉಪಕರಣವೂ ಇರುವುದಿಲ್ಲ. ಬೆಂಕಿಯ ಮುಂದೆ ಕೂತವರೇ ಅದನ್ನು ಮೊದಲು ಉಸಿರಾಡುತ್ತಾರೆ.